ಕೌದಿಯಲ್ಲಿ ಹೊಲಿದ ದೇಶ

ಯಲಬುರ್ಗಾ,
ಜುಲೈ ೨, ೧೯೪೮, ಶುಕ್ರವಾರ, ಹೊತ್ತು ನೆತ್ತಿಗೆ ಬಂದಿದೆ

ಹೆಸರು ಹಿಡಿದು ಕರೆಯಲಾಗದ ನನ್ನವರಿಗೆ, ನೀವು ದಾಟಿಹೋದ ಹೊಸ್ತಿಲಲ್ಲೇ ನಿಂತು ಕಳಕಮ್ಮ ಮಾಡುವ ನಮಸ್ಕಾರಗಳು.

ಮೊದಲು ನಿಮ್ಮ ಕೆಮ್ಮಿನ ಸುದ್ದಿ ಹೇಳಿ. ಹೋದ ಅಮಾವಾಸ್ಯೆಗೆ ಇಟಗಿಯಲ್ಲಿ ಕಂಡಾಗ ನೀವು ಆಡಿದ ಮಾತಿಗಿಂತ ಕೆಮ್ಮಿದ್ದೇ ಹೆಚ್ಚು. ಗಜೇಂದ್ರಗಡದ ಶಿಬಿರದಲ್ಲಿ ಬರೀ ಗೋಣಿತಟ್ಟಿನ ಮೇಲೆ ಮಲಗುತ್ತೀರೆಂದು ಕುರಿಗಾರ ಪಕೀರಪ್ಪ ಹೇಳಿದಾಗಿನಿಂದ ಇಲ್ಲಿ ನನ್ನ ಹಾಸಿಗೆಯೂ ಮುಳ್ಳಾಗಿದೆ. ಮಳೆ ಹಿಡಿದಿದೆ, ನೆಲ ತಂಪೇರುತ್ತದೆ. ಎದೆಗೆ ಬಟ್ಟೆ ಸುತ್ತಿಕೊಂಡು ಮಲಗಿ. ಅರಿಸಿನ ಹಾಕಿದ ಹಾಲು ಕುಡಿಯಿರಿ ಎಂದು ಬರೆಯುವುದು ಸುಲಭ, ಅಲ್ಲಿ ನಿಮಗೆ ಹಾಲು ಕಾಯಿಸಿ ಕೊಡುವವರು ಯಾರು? ಬಿಸಿನೀರಿಗೆ ಒಂದು ಚಿಟಿಕೆ ಅರಿಸಿನ ಹಾಕಿಕೊಂಡಾದರೂ ಕುಡಿಯಿರಿ. ಹೋದ ವಾರ ಕಳಿಸಿದ ಕಟಕರೊಟ್ಟಿ, ಶೇಂಗಾ ಹಿಂಡಿ ಮುಟ್ಟಿದವೇ? ಪೂರಾ ಮುಟ್ಟಿಸಿದೆ ಎಂದು ಪಕೀರಪ್ಪ ದೇವರಾಣೆ ಮಾಡುತ್ತಾನೆ. ಅವನ ಮೀಸೆಯಲ್ಲಿ ಹಿಂಡಿಯ ವಾಸನೆ ಇತ್ತು, ನಾನು ಕೇಳಲಿಲ್ಲ. ಅತ್ತೆಯವರ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ನಾನೂ ಇದ್ದೇನೆ. ಕ್ಷೇಮ ಎಂಬ ಮಾತು ಬರೆಯಲು ಕೈ ಏಳುತ್ತಿಲ್ಲ, ಅಷ್ಟೆ.

ಹಿತ್ತಲ ಬಾಗಿಲು ಹಾಕಿಕೊಂಡು, ಬೀಸುಕಲ್ಲಿನ ಮಗ್ಗುಲಲ್ಲಿ ಕುಳಿತು ಬರೆಯುತ್ತಿದ್ದೇನೆ. ಯಾರಾದರೂ ಬಂದರೆ ಕಾಗದವನ್ನು ಹಿಟ್ಟಿನೊಳಗೆ ತುರುಕಬಹುದು. ಬೀದಿಯಲ್ಲಿ ಬೂಟಿನ ಸಪ್ಪಳವಾದಾಗೆಲ್ಲ ಕೈ ನಿಂತು ಅಲ್ಲಲ್ಲಿ ಮಸಿ ಚೆಲ್ಲಿದೆ. ಮಾಸ್ತರಿಕೆಯ ಚಟಕ್ಕೆ ಅದರ ಮೇಲೆ ಕೆಂಪು ಗೆರೆ ಎಳೆಯಬೇಡಿ. ಇಷ್ಟೆಲ್ಲ ಕಾಗದಕ್ಕೆ ಹಾಕಬಾರದು ಎಂಬುದು ನನಗೂ ಗೊತ್ತು. ಬಾಯಲ್ಲಿ ಹೇಳಿಕಳಿಸೋಣವೆಂದರೆ ಪಕೀರಪ್ಪ ಕುರಿ ಎಂದದ್ದನ್ನು ಎತ್ತು ಎಂದು ಮುಟ್ಟಿಸುವ ಮನುಷ್ಯ. ಆದರೆ ಕುರಿ ಮೇಯಿಸುತ್ತ ಆ ಕಡೆ ಹೋಗುವವನನ್ನು ಸರಹದ್ದು ಕಾಯುವ ನಾಕೆಯವರು ತಡೆಯುವುದಿಲ್ಲ, ಆ ವಾಸನೆಗೆ ಹತ್ತಿರವೂ ಬರುವುದಿಲ್ಲ. ಅವನ ಕಂಬಳಿಯ ಅಂಚು ಬಿಚ್ಚಿ, ಇದನ್ನು ಒಳಗಿಟ್ಟು, ನಾನೇ ಹೊಲಿದು ಕೊಡುತ್ತೇನೆ. ಓದಿದ ಕೂಡಲೇ ಒಲೆಗೆ ಹಾಕಿ.

ನೀವು ಬಿಟ್ಟುಹೋದ ಯಲಬುರ್ಗಾ ಅಲ್ಲ ಇದು. ಉಪ್ಪು ಚಿನ್ನವಾಗಿದೆ, ಸೀಮೆಎಣ್ಣೆ ಕಂಡು ಬಹಳ ದಿನವಾಯಿತು. ಊರಬಾಗಿಲ ಅಗಸೆಯ ಕಟ್ಟೆಯ ಮೇಲೆ ಯಾರೂ ಕೂಡುವುದಿಲ್ಲ. ಕೊಪ್ಪಳದ ಕಡೆಯಿಂದ ಅರಸರ ಪಕ್ಷದ ಖಾಕಿಯವರ ಲಾರಿ ಬಂತೆಂದರೆ ಓಣಿಯ ಬಾಗಿಲುಗಳು ಒಂದರ ಹಿಂದೆ ಒಂದು ಮುಚ್ಚಿಕೊಳ್ಳುತ್ತವೆ. ಕುಷ್ಟಗಿಯ ಕಡೆ ಯಾವುದೋ ಹಳ್ಳಿಯಲ್ಲಿ ಬಣವೆಗಳಿಗೆ ಬೆಂಕಿ ಇಟ್ಟರಂತೆ. ಹನುಮಸಾಗರದ ನನ್ನ ತವರಿನವರು ಅಂಗಡಿಗೆ ಬೀಗ ಹಾಕಿ ಎಲ್ಲಿಗೋ ಹೋದರು. ಎಲ್ಲಿಗೆ ಎಂದು ಹೇಳುವಷ್ಟೂ ವ್ಯವಧಾನ ಅವರಿಗೆ ಸಿಗಲಿಲ್ಲ. ನಿಮ್ಮ ಶಾಲೆಯಲ್ಲಿ ಈಗ ಪಾಠವಿಲ್ಲ, ಪಡಸಾಲೆಯಲ್ಲಿ ಕುದುರೆ ಕಟ್ಟಿದ್ದಾರೆ. ಅದನ್ನು ಕೇಳಿ ಅತ್ತೆಯವರು ‘ಹೋಗ್ಲಿ ಬಿಡು, ಕುದುರಿಗಾದ್ರೂ ನಾಕ್ ಅಕ್ಷರ ಬರಲಿ’ ಎಂದರು. ನಗು ಬಂತು, ಆಮೇಲೆ ಇಬ್ಬರೂ ಬಾಗಿಲ ಕಡೆ ನೋಡಿದೆವು.

ನನಗೆ ಎಲ್ಲರಿಗಿಂತ ಹೆಚ್ಚಿನ ಭಯ ನಮ್ಮ ಠಾಣೆಯ ಅಮೀನ ಸಾಹೇಬರದು. ಗುರುತಿಲ್ಲದವನ ಭಯ ಬೇರೆ, ಮನೆಯಲ್ಲಿ ಉಂಡು ಹೋದವನ ಭಯ ಬೇರೆ. ಬಡ್ತಿಯ ಪರೀಕ್ಷೆಗೆ ಇಂಗ್ಲಿಷಿನಲ್ಲಿ ಜಿಲ್ಲೆಯ ವರ್ಣನೆ ಬರೆಯಬೇಕೆಂದು ಅವರು ನಮ್ಮ ಕಟ್ಟೆಯ ಮೇಲೆ ನಿಮ್ಮೆದುರು ಹುಡುಗರ ಹಾಗೆ ಕುಳಿತಿರುತ್ತಿದ್ದದ್ದು ನೆನಪಿದೆಯೇ? ಊಟದ ತಟ್ಟೆ ಮುಂದಿಟ್ಟರೂ ಅವರ ಬಾಯಲ್ಲಿ ಬೌಂಡರಿ, ಪಾಪ್ಯುಲೇಶನ್. ‘ಉಣ್ಣೂ ಹೊತ್ತಿನ್ಯಾಗ ಅದೇನ್ ಬೌಂಡರಿ ಬೌಂಡರಿ ಅಂತೀಯೋ ಸಾಹೇಬಾ, ಮೊದಲ ಪುಂಡಿಪಲ್ಯ ಹಚ್ಚಿಕೊಂಡು ರೊಟ್ಟಿ ತಿನ್ನು’ ಎಂದು ಅತ್ತೆಯವರು ಗದರಿಸುತ್ತಿದ್ದರು, ಅವರು ನಗುತ್ತಿದ್ದರು. ಅದೇ ಮನುಷ್ಯ ನೀವು ಹೋದ ಮೇಲೆ, ಈ ಬೇಸಿಗೆಯಲ್ಲಿ, ಜಮಾದಾರನನ್ನು ಕರೆದುಕೊಂಡು ಮನೆ ಶೋಧಿಸಲು ಬಂದರು. ಜೋಳದ ಗಡಿಗೆಗಳನ್ನು ಲಾಠಿಯಿಂದ ಉರುಳಿಸಿ ಒಡೆದರು. ಜಮಾದಾರ ನನ್ನೆದುರು ನಿಂತು ‘ಗಂಡನ ಹೆಸರೇನು, ಬಾಯಿ ಬಿಡು’ ಎಂದ. ಆಗ ಅತ್ತೆಯವರು ಗೋಡೆ ಹಿಡಿದುಕೊಂಡು ಎದ್ದು, ‘ಗಂಡನ ಹೆಸರು ಹೇಳಿ ಆಯುಷ್ಯ ಕಳಿಯೂ ಹೆಂಗಸು ನಮ್ಮ ಮನ್ಯಾಗ ಇಲ್ಲ. ಅಂವಾ ಯಾರು ಅಂತ ನಿಮ್ಮ ಸಾಹೇಬಗ ಗೊತ್ತೈತಿ, ಅವನ್ನ ಕೇಳ್ರಿ’ ಎಂದರು. ಸಾಹೇಬರು ತಲೆ ತಗ್ಗಿಸಿ ಹೊರಗೆ ಹೋದರು. ಅಷ್ಟರಿಂದ ಅವರು ಒಳ್ಳೆಯವರೆಂದು ಹೇಳಲಾರೆ. ಮಾರನೆಯ ವಾರ ಮತ್ತೆ ಬಂದು ಅಟ್ಟ ಹುಡುಕಿಸಿದರು.

ಈಗ ನಡೆದದ್ದನ್ನು ಹೇಳಬೇಕು. ಅದಕ್ಕೆ ಮೊದಲು ನಿಮ್ಮ ಪಾಠದಿಂದ ಶುರುಮಾಡಬೇಕು, ಏಕೆಂದರೆ ಬೇರು ಅಲ್ಲಿಯೇ ಇದೆ. ನಾನು ಮದುವೆಯಾಗಿ ಬಂದ ವರ್ಷ ನೀವು ಮಕ್ಕಳಿಗೆ ‘ನಿಮ್ಮ ದೇಶವನ್ನು ವರ್ಣಿಸಿ’ ಎಂಬ ಇಂಗ್ಲಿಷ್ ಪಾಠ ಹೇಳಬೇಕಿತ್ತು. ಪುಸ್ತಕದ ತುಂಬ ಸ್ನೋ, ಮೆಡೋ. ಮನೆಗೆ ಬಂದು ಅದನ್ನು ನನ್ನ ಮೇಲೆ ಪ್ರಯೋಗ ಮಾಡಿದಿರಿ. ಸ್ನೋ ಎಂದರೆ ಏನು ಎಂದು ನಾನು ಕೇಳಿದೆ, ನೀವು ತಲೆ ಕೆರೆದುಕೊಂಡಿರಿ. ಒಳಗಿನಿಂದ ಅತ್ತೆಯವರು ‘ಇಲ್ಲದ್ದನ್ನ ಕಲಸಾಕೂ ಪಗಾರ ಕೊಡ್ತಾರೇನೋ ಯಪ್ಪಾ?’ ಎಂದರು. ಆ ಮಾತು ನಿಮ್ಮನ್ನು ಚುಚ್ಚಿತು. ಮರುದಿನದಿಂದ ಪುಸ್ತಕ ಮುಚ್ಚಿ, ನಮ್ಮ ನೆಲವನ್ನೇ ಹಿಡಿದಿರಿ. ಕೊಪ್ಪಳದ ಗುಡ್ಡ ಹಿಲ್ ಆಯಿತು, ಅದರ ಮೇಲಿನ ಕೋಟೆ ಫೋರ್ಟ್ ಆಯಿತು. ಕುಕನೂರಿನ ಕಡೆಯ ಎರೆಹೊಲ ಪ್ಲೇನ್, ಮುನಿರಾಬಾದಿನ ಹತ್ತಿರ ಹರಿಯುವ ತುಂಗಭದ್ರೆ ರಿವರ್, ಇಟಗಿಯ ಮಹಾದೇವನ ಗುಡಿ ಟೆಂಪಲ್. ಆ ಗುಡಿ ಕಟ್ಟಿಸಿದ ಕಥೆಗೆ ಹಿಸ್ಟರಿ ಎನ್ನುತ್ತಾರೆ ಎಂದಿರಿ. ಕಲ್ಲು ಹೊತ್ತವರಿಗೆ ರೊಟ್ಟಿ ಬಡಿದು ಹಾಕಿದವರು ಯಾರು, ಅದೂ ಹಿಸ್ಟರಿಯಲ್ಲಿ ಇದೆಯೇ ಎಂದು ಕೇಳಿದ್ದಕ್ಕೆ ‘ಅದು ಸೊಸೈಟಿ, ಮುಂದಿನ ಪಾಠದಾಗ ಬರ್ತೈತಿ, ತಡಿ’ ಎಂದು ತಪ್ಪಿಸಿಕೊಂಡಿರಿ. ಆ ಮುಂದಿನ ಪಾಠವನ್ನು ನೀವು ಇನ್ನೂ ಹೇಳಿಲ್ಲ, ಮರೆತಿದ್ದೇನೆಂದು ತಿಳಿಯಬೇಡಿ.

ನೀವು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ನಕಾಶೆ ಬರೆಯುತ್ತಿದ್ದಿರಿ, ನಾನು ಆಯಾ ಜಾಗದಲ್ಲಿ ಆಯಾ ಇಂಗ್ಲಿಷ್ ಮಾತು ಬರೆಯಬೇಕು. ಅದೇ ನಕಾಶೆಯನ್ನು ಅಮೀನ ಸಾಹೇಬರಿಗೂ ಕಟ್ಟೆಯ ಮೇಲೆ ಬರೆದು ತೋರಿಸುತ್ತಿದ್ದಿರಿ. ಒಂದು ದಿನ ಬಾಗಿಲು ಓರೆ ಮಾಡಿ, ದನಿ ತಗ್ಗಿಸಿ ಎರಡು ಮಾತು ಕಲಿಸಿದಿರಿ. ಸಬ್ಜೆಕ್ಟ್ ಎಂದರೆ ಅರಸನಿಗೆ ಸೇರಿದವನು, ಸಿಟಿಜನ್ ಎಂದರೆ ದೇಶ ಯಾರಿಗೆ ಸೇರಿದೆಯೋ ಅವನು. ನಾನು ಯಾವುದು ಎಂದು ಕೇಳಿದೆ. ನೀವು ನನ್ನ ತಲೆಯ ಮೇಲೆ ಕೈಯಿಟ್ಟಿರಿ. ನನಗೆ ನಿಮ್ಮ ಮೇಲೆ ಭಯವೂ ಹೆಮ್ಮೆಯೂ ಒಟ್ಟಿಗೆ ಹುಟ್ಟಿದ್ದು ಅವತ್ತೇ. ಆಮೇಲೆ ಹೋದ ವರ್ಷದ ಶ್ರಾವಣದಲ್ಲಿ ಶಾಲೆಯ ಕರಿಹಲಗೆಯ ಮೇಲೆ ಅದೇ ನಕಾಶೆ ಬರೆದಿರಿ. ಅರಸರ ಆಳ್ವಿಕೆಯ ಯಲಬುರ್ಗಾಕ್ಕೂ ಸ್ವತಂತ್ರವಾದ ಗಜೇಂದ್ರಗಡಕ್ಕೂ ನಡುವಿನ ಸರಹದ್ದಿನ ಗೆರೆಯನ್ನು ಮಾತ್ರ ಬಿಟ್ಟಿರಿ. ಬೌಂಡರಿ ಎಲ್ಲಿ ಎಂದು ಯಾರೋ ಕೇಳಿದಾಗ ‘ಅದು ನೆಲದಾಗ ಇಲ್ಲ, ಹಾಳ್ಯಾಗ ಐತಿ’ ಎಂದಿರಂತೆ. ಆ ಒಂದು ಮಾತು ಕಚೇರಿಗೆ ಮುಟ್ಟಿತು, ನಿಮ್ಮ ಮೇಲೆ ವಾರಂಟು ಬಂತು, ನೀವು ಇಲ್ಲ ಎಂದ ಗೆರೆಯನ್ನೇ ದಾಟಿ ಓಡಬೇಕಾಯಿತು.

ನೀವಿಲ್ಲದ ಮನೆಯಲ್ಲಿ ನಾನು ಮಾಡಬಹುದಾದದ್ದು ಏನಿತ್ತು? ಚಳಿಗಾಲದಲ್ಲಿ ಅತ್ತೆಯವರು ತಮ್ಮ ಹಳೆಯ ಸೀರೆಗಳನ್ನು ತೆಗೆದುಕೊಟ್ಟು, ಮುಂದೆ ನಮ್ಮ ತೊಟ್ಟಿಲಿಗೆ ಬೇಕಾಗುತ್ತದೆ, ಒಂದು ಮೆತ್ತನೆಯ ಕೌದಿ ಹೊಲಿ ಎಂದರು. ಹೊಲಿಯುತ್ತ ಕುಳಿತಾಗ ಕೈ ತಾನಾಗಿಯೇ ನಿಮ್ಮ ನಕಾಶೆಯನ್ನು ಹಿಡಿಯಿತು. ಕೆಳಗಿನ ಅಂಚಿಗೆ ನೀಲಿ ಪಟ್ಟಿ ಇಟ್ಟು ರಿವರ್ ಎಂದು ಹೊಲಿದೆ. ಕಂದು ತುಂಡಿನ ಮೇಲೆ ಹಿಲ್, ಕರಿಯ ತುಂಡಿನ ಮೇಲೆ ಪ್ಲೇನ್. ನಡುವೆ ಪೀಪಲ್, ಅದರ ಮಗ್ಗುಲಲ್ಲಿ ಸಿಟಿಜನ್. ನೀವು ಕಲಿಸಿದ ಕೂಡಕ್ಷರದಲ್ಲೇ, ದಾರ ಎಲ್ಲಿಯೂ ಕಡಿಯದ ಹಾಗೆ. ಅತ್ತೆಯವರು ಅದನ್ನು ಬಳ್ಳಿ ಎಂದುಕೊಂಡು, ‘ಹೂ ಯಾಕ ಹಾಕಿಲ್ಲ, ಬರೇ ಬಳ್ಳಿನ ಎಳದೀಯಲ್ಲ’ ಎಂದು ಬೈದರು. ನೀವು ಬಿಟ್ಟ ಗೆರೆಯನ್ನು ಮಾತ್ರ ನಾನು ಬಿಡಲಿಲ್ಲ. ನಮ್ಮಿಬ್ಬರ ನಡುವೆ ಅದು ದಿನವೂ ಕಾಣುತ್ತಿರುವಾಗ ಇಲ್ಲ ಎಂದು ಹೇಗೆ ಹೇಳಲಿ? ಇಳಕಲ್ ಸೆರಗಿನ ಕೆಂಪು ಪಟ್ಟಿ ಹಾಕಿ, ಅದರ ಮೇಲೆ ಬೌಂಡರಿ ಎಂದು ಹೊಲಿದೆ.

ಕೊನೆಗೆ ಇಟಗಿಯ ಜಾಗ ಬಂತು. ಅಲ್ಲಿ ಟೆಂಪಲ್ ಎಂದು ಹೊಲಿದ ಮೇಲೆ ನನಗೆ ಎದ್ದು ಹೋಗಲಾಗಲಿಲ್ಲ. ಅಮಾವಾಸ್ಯೆಗೆ ಅಮಾವಾಸ್ಯೆಗೆ ನೀವು ಸರಹದ್ದು ದಾಟಿ ಆ ಗುಡಿಯ ಹಿಂದಿನ ಕರಿಯವ್ವ ಅತ್ತೆಯ ಮನೆಗೆ ಬರುವುದು, ನಾನು ಪೂಜೆಯ ನೆಪ ಮಾಡಿ ಅಲ್ಲಿಗೆ ಬರುವುದು, ನನ್ನ ಬದುಕೆಲ್ಲ ಅಷ್ಟರಲ್ಲೇ ಇದೆ. ನಿಮ್ಮ ಹಳೆಯ ಬಿಳಿ ಅಂಗಿಯ ಒಂದು ತುಂಡನ್ನು ಟೆಂಪಲ್ಲಿಗೆ ತಾಗಿಸಿ ಇಟ್ಟು ಅದರ ಮೇಲೆ ನಿಮ್ಮ ಹೆಸರನ್ನು ಹೊಲಿದೆ. ಬಾಯಿಂದ ಹೇಳಬಾರದು ಎಂದಿದ್ದಾರೆ, ಸೂಜಿಯಿಂದ ಹೇಳಬಾರದು ಎಂದು ಯಾರೂ ಹೇಳಿಲ್ಲ. ಅದೂ ಇಂಗ್ಲಿಷಿನಲ್ಲಿ, ಯಮನಿಗೆ ಇಂಗ್ಲಿಷ್ ಬರುತ್ತದೆಯೇ ಎಂದು ನನಗೆ ನಾನೇ ನಕ್ಕೆ. ಕೊನೆಯ ಮೂಲೆ ಮುಚ್ಚುವ ಮುಂಚೆ, ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಅತ್ತೆಯವರು ರೊಟ್ಟಿಯ ಚೂರನ್ನು ಒಳಗಿಟ್ಟರು. ಅಕ್ಷರದ ಮಗ್ಗುಲನ್ನು ಒಳಮುಖ ಮಾಡಿ ಬಟ್ಟೆ ಹಾಕುವ ಬಿದಿರ ಗಳುವಿನ ಮೇಲೆ ಹಾಕಿದ್ದೆ. ಮನೆ ಶೋಧಿಸಿದವರು ಗಡಿಗೆ ನೋಡಿದರು, ಅಟ್ಟ ನೋಡಿದರು, ಹೆಂಗಸರ ಕೌದಿಯನ್ನು ನೋಡಲಿಲ್ಲ.

ಈ ಮಂಗಳವಾರ ನಾನು ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗಿದ್ದೆ. ಬಂದು ನೋಡಿದರೆ ಗಳು ಬರಿದಾಗಿದೆ. ಅತ್ತೆಯವರು ಖುಷಿಯಾಗಿದ್ದರು. ಸೂಲಗಿತ್ತಿ ಹಸನಬೀ ಬಂದಿದ್ದಳಂತೆ. ಅಮೀನ ಸಾಹೇಬರ ಮಗಳು ಇಮಾಮಬಾನು ಹೆರಿಗೆಗೆ ತವರಿಗೆ ಬಂದಿದ್ದು ನಿಮಗೆ ತಿಳಿದಿರಲಿಕ್ಕಿಲ್ಲ. ಅವಳ ಮೊದಲಿನ ಮಕ್ಕಳು ತೊಟ್ಟಿಲು ಕಾಣಲಿಲ್ಲ. ಈಗ ಹೆಣ್ಣು ಕೂಸು ಹುಟ್ಟಿದೆ. ಹೆತ್ತ ಮಕ್ಕಳೆಲ್ಲ ಉಳಿದ ತಾಯಿಯ ಮನೆಯಿಂದ ಅವಳ ಹಳೆಯ ಸೀರೆಯ ಕೌದಿ ಬೇಡಿ ತಂದು ಕೂಸನ್ನು ಅದರ ಮೇಲೆ ಹಾಕಿದರೆ ಉಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹೇಗೋ ಅವರಲ್ಲೂ ಹಾಗೆಯೇ. ಊರಿನಲ್ಲಿ ಅಂಥ ತಾಯಿ ಎಂದರೆ ನಿಮ್ಮ ತಾಯಿ. ‘ಮನಿ ಹೊಕ್ಕು ಗಡಿಗಿ ಒಡದಾವ್ನ ಮನಿಗೆ ಯಾಕ ಕೊಟ್ರಿ’ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಅವರು ನನ್ನನ್ನೇ ದಿಟ್ಟಿಸಿ, ‘ಗಡಿಗಿ ಒಡದದ್ದು ಆ ಕೂಸೇನು? ಬ್ಯಾಡಿ ಬಂದಾರ, ಇದ್ದದ್ರಾಗ ಛಲೋದು ಕೊಟ್ಟೀನಿ’ ಎಂದರು. ಇರುವುದರಲ್ಲಿ ಒಳ್ಳೆಯದು ಯಾವುದೆಂದು ಬೇರೆ ಹೇಳಬೇಕೇ?

ತಿರುಗಿ ತರೋಣ, ಬೇರೆ ಕೊಡೋಣ ಎಂದೆ. ಅದು ಆಗದ ಮಾತು. ಕೂಸಿಗೆ ಕೊಟ್ಟ ಕೌದಿಯನ್ನು ತಿರುಗಿ ಕೇಳಿದರೆ ಕೂಸಿನ ಉಸಿರನ್ನೇ ಕೇಳಿದ ಹಾಗೆ. ಹೆಸರಿಡುವ ದಿನ ಅವರೇ ಅದರ ಒಂದು ತುಂಡನ್ನು ಬಿಚ್ಚಿ ಕಳಿಸುತ್ತಾರೆ, ಕೊಟ್ಟ ಮನೆಯ ಭಾಗ್ಯ ಪೂರಾ ಹೊರಗೆ ಹೋಗದಿರಲಿ ಎಂದು. ನಮ್ಮ ಪಾಲಿಗೆ ಅಷ್ಟೇ. ಅದರಲ್ಲಿ ಏನಿದೆ ಎಂದು ಅತ್ತೆಯವರಿಗೆ ನಾನು ಹೇಳಿಲ್ಲ. ಹೇಳಿದರೆ ಕೋಲು ಹಿಡಿದುಕೊಂಡು ನೇರವಾಗಿ ಠಾಣೆಗೇ ಹೋಗಿ ನಿಲ್ಲುವ ಜೀವ ಅದು. ಇಂಗ್ಲಿಷ್ ಬಾರದ ಮನೆಗೆ ಹೋಗಿದ್ದರೆ ಅದು ಬಳ್ಳಿಯಾಗಿಯೇ ಉಳಿಯುತ್ತಿತ್ತು. ಇಡೀ ಯಲಬುರ್ಗಾದಲ್ಲಿ ನಿಮ್ಮ ನಕಾಶೆಯನ್ನು ಕಣ್ಣು ಮುಚ್ಚಿಕೊಂಡು ಓದಬಲ್ಲವರು ಇಬ್ಬರು. ಒಬ್ಬಳು ನಾನು, ಇನ್ನೊಬ್ಬರ ಮೊಮ್ಮಗಳು ಅದರ ಮೇಲೆ ಮಲಗಿದ್ದಾಳೆ.

ನಿನ್ನೆ ತಡೆಯಲಾರದೆ ಬಾಣಂತಿಗೆ ಅಳವಿ ಉಂಡಿ ಕಟ್ಟಿಕೊಂಡು ಹಸನಬೀಯ ಹಿಂದೆ ಹೋದೆ. ಆಗುವುದಾದರೆ ಕೌದಿಯನ್ನು ಮಗುಚಿ ಹಾಕಿ ಬರೋಣ ಎಂಬ ಆಸೆ. ಕೋಣೆಯ ತುಂಬ ಲೋಬಾನದ ಹೊಗೆ. ಇಮಾಮಬಾನು ಬಹಳ ಸೊರಗಿದ್ದಾಳೆ, ಪಾಪ. ನನ್ನ ಕೈ ಹಿಡಿದುಕೊಂಡು ‘ಅಕ್ಕಾ, ಈ ಸಲ ಉಳೀತೈತಲ್ಲ?’ ಎಂದಳು. ಉಳಿಯುತ್ತದೆ ಎಂದೆ. ಮನಸ್ಸಿನಿಂದಲೇ ಅಂದೆ, ದೇವರಿಗೆ ಗೊತ್ತು. ಆದರೆ ನನ್ನ ಕಣ್ಣು ಕೂಸಿನ ಕೆಳಗೇ ಇತ್ತು. ಅಕ್ಷರದ ಮಗ್ಗುಲೇ ಮೇಲಿತ್ತು. ಕೂಸಿನ ಹಿಮ್ಮಡಿ ರಿವರಿನ ಮೇಲೆ, ತಲೆ ಪ್ಲೇನಿನ ಮೇಲೆ. ನಿಮ್ಮ ಹೆಸರು ಯಾವ ಮರೆಯೂ ಇಲ್ಲದೆ ಬಿದ್ದಿತ್ತು. ಬಾಗಿ ಅಂಚಿಗೆ ಕೈ ಹಾಕುವಷ್ಟರಲ್ಲಿ ಹೊರಗೆ ಬೂಟಿನ ಸಪ್ಪಳ, ಸಾಹೇಬರು ಒಳಗೆ ಬಂದರು. ಬಾಗಿಲಲ್ಲಿ ಆ ಜಮಾದಾರ.

ಅವರು ನನ್ನನ್ನು ನೋಡಿ ತುಸು ತಡೆದರು. ‘ಮಾಸ್ತರ ಮನಿಯವರಲ್ಲೇನು’ ಎಂದರು. ಹೌದೆಂದು ತಲೆ ಆಡಿಸಿದೆ. ಬಂದವರೇ ಕೂಸನ್ನು ಕೌದಿಯ ಸಮೇತ ಎತ್ತಿಕೊಂಡರು. ಬಿಳಿಯ ತುಂಡು ಸರಿಯಾಗಿ ಅವರ ಮೊಣಕೈಯ ಮೇಲೆ ಬಂತು. ಅವರ ಬೆರಳು ಕೆಂಪು ಪಟ್ಟಿಯನ್ನು ಸವರಿತು, ಅಲ್ಲಿಂದ ಹಾಗೇ ಇಳಿದು ಟೆಂಪಲ್ಲಿನ ಹತ್ತಿರ ನಿಂತಿತು. ಕೂಸು ಆಕಳಿಸಿತು. ಹಸನಬೀ ನನ್ನ ಸೆರಗು ಹಿಡಿದಳು. ಜಮಾದಾರ ಕುತ್ತಿಗೆ ಚಾಚಿ ‘ಏನೋ ಬರದಂಗ ಐತಲ್ರೀ ಸಾಹೇಬ್ರ’ ಎಂದ. ಅವರು ತಲೆ ಎತ್ತದೆ ‘ಬರದದ್ದು ಎಲ್ಲೈತಿ, ಬಳ್ಳಿ ಐತಿ. ಭಾಳ ಛಲೋ ಹೊಲದಾರ’ ಎಂದು ಕೂಸನ್ನು ಮಗಳ ಮಗ್ಗುಲಿಗೆ ಮಲಗಿಸಿದರು. ಮತ್ತೆ ನನ್ನ ಕಡೆ ನೋಡಲಿಲ್ಲ.

ನಿನ್ನೆಯಿಂದ ಇದನ್ನೇ ತಿರುವಿ ಹಾಕುತ್ತಿದ್ದೇನೆ. ಓದಿದರೋ, ಓದಲಿಲ್ಲವೋ? ಕೋಣೆಯಲ್ಲಿ ಬೆಳಕು ಕಡಿಮೆ ಇತ್ತು, ಹೊಗೆ ಬೇರೆ. ಅಕ್ಷರಗಳು ಅವರಿಗೆ ತಲೆಕೆಳಗಾಗಿದ್ದವು. ಮೊಮ್ಮಗಳ ಮುಖದ ಎದುರಿಗೆ ಯಾವ ಅಜ್ಜ ಹೊಲಿಗೆ ನೋಡುತ್ತಾನೆ? ಓದಿದ್ದರೆ ಅಲ್ಲೇ ನನ್ನನ್ನು ಹಿಡಿಸುತ್ತಿದ್ದರು, ಇಷ್ಟು ಹೊತ್ತಿಗೆ ಲಾರಿ ಬಾಗಿಲಲ್ಲಿ ನಿಂತಿರುತ್ತಿತ್ತು. ಹೀಗೆ ಒಂದೊಂದೇ ಸಮಾಧಾನ ಹೇಳಿಕೊಂಡು, ಓದಿಲ್ಲ ಎಂದೇ ನಂಬಲು ಮನಸ್ಸು ಮಾಡಿದ್ದೇನೆ. ನಂಬದಿದ್ದರೆ ನಿಮ್ಮನ್ನು ಬರಬೇಡಿ ಎಂದು ಬರೆಯಬೇಕಾಗುತ್ತದೆ. ಬರುವ ಮಂಗಳವಾರ ಮಣ್ಣೆತ್ತಿನ ಅಮಾವಾಸ್ಯೆ. ಅತ್ತೆಯವರು ಎತ್ತು ಮಾಡಲು ಹಳ್ಳದ ಮಣ್ಣು ತರಿಸಿದ್ದಾರೆ, ಹೋಳಿಗೆಗೆ ಬೇಳೆ ಆರಿಸಿ ಇಟ್ಟಿದ್ದಾರೆ, ‘ನನ್ನ ಮಗಗ ಬಿಸಿ ಹೋಳಿಗಿ ಮುಟ್ಟಲಿಲ್ಲಂದ್ರ ಆ ಮಣ್ಣೆತ್ತು ಯಾಕ ಬೇಕು’ ಎನ್ನುತ್ತಿದ್ದಾರೆ. ನಾನು ಅವರ ಮಗನಷ್ಟು ಹೋಳಿಗೆಯ ಆಸೆಯವಳಲ್ಲ, ನಿಮ್ಮ ಕೆಮ್ಮನ್ನಾದರೂ ಒಮ್ಮೆ ಕಿವಿಯಾರೆ ಕೇಳಬೇಕು. ಜೋಪಾನವಾಗಿ ಬನ್ನಿ. ರಸ್ತೆ ಹಿಡಿಯಬೇಡಿ, ಹೊಲದ ಬದು ಹಿಡಿದು ಬನ್ನಿ. ಕರಿಯವ್ವ ಅತ್ತೆಯ ಹಿತ್ತಲಲ್ಲಿ ನಾನು ಕಾಯುತ್ತಿರುತ್ತೇನೆ.

ಶಿಬಿರದಲ್ಲಿರುವ ನಮ್ಮ ಕಡೆಯವರಿಗೆಲ್ಲ ನಮ್ಮ ಶರಣು ತಿಳಿಸಿ. ಅತ್ತೆಯವರು ನಿಮ್ಮ ನೆತ್ತಿಯ ಮೇಲೆ ಕೈಯಿಟ್ಟು ಹರಸಿದ್ದಾರೆಂದು ಬರೆಯಲು ಹೇಳಿದರು; ಜೊತೆಗೆ ಗಡ್ಡ ಬೋಳಿಸಿಕೊಂಡು ಬಾ ಎಂದೂ ಹೇಳಿದರು. ದೇವರು ನಿಮ್ಮ ಬೆನ್ನಿಗಿರಲಿ.

ಇಲ್ಲಿ ನಿಮ್ಮ ದೀಪಕ್ಕೆ ಎಣ್ಣೆ ಹಾಕುತ್ತಿರುವ,
ಕಳಕಮ್ಮ

ತಾ.ಕ.: ಮೇಲೆ ಬರೆದದ್ದನ್ನು ಬಿಡಿ, ಬರಬೇಡಿ. ಪಕೀರಪ್ಪ ಹಿತ್ತಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ, ಅಕ್ಷರ ಸೊಟ್ಟಗಾದರೆ ಓದಿಕೊಳ್ಳಿ. ಹಸನಬೀ ಈಗಷ್ಟೇ ಬಂದು ಹೋದಳು. ಸೆರಗಿನೊಳಗಿನಿಂದ ಒಂದು ಬಟ್ಟೆಯ ಸುರುಳಿ ತೆಗೆದು ‘ಕೌದಿ ತುಂಡು ತಿರುಗಿ ಮುಟ್ಟಿಸು ಅಂತ ಸಾಹೇಬ್ರು ತಮ್ಮ ಕೈಲೆ ಕೊಟ್ಟಾರವ್ವಾ, ಮಗಳಿಗೂ ತೋರಿಸಿಲ್ಲ’ ಎಂದಳು. ಹೆಸರಿಡುವ ದಿನ ಇನ್ನೂ ಬಂದಿಲ್ಲ. ಬಿಚ್ಚಿ ನೋಡಿದರೆ ನಿಮ್ಮ ಅಂಗಿಯ ಬಿಳಿ ತುಂಡು, ನಿಮ್ಮ ಹೆಸರು. ಟೆಂಪಲ್ಲಿನಿಂದ ಅದನ್ನು ಬಿಡಿಸಿದ್ದಾರೆ. ಕೆಂಪು ಬೌಂಡರಿ ಪಟ್ಟಿಯನ್ನೂ ಬಿಡಿಸಿ, ಅದರ ಆಚೆಯ, ಗಜೇಂದ್ರಗಡದ ಕಡೆಯ ಅಂಚಿಗೆ ನಿಮ್ಮ ಹೆಸರನ್ನು ಸೇರಿಸಿ ಹೊಲಿದಿದ್ದಾರೆ. ಹೊಲಿಗೆ ಹೆಂಗಸಿನದಲ್ಲ, ಉದ್ದುದ್ದ, ಸೊಟ್ಟಪಟ್ಟ; ಗಂಟಿನ ಹತ್ತಿರ ಸೂಜಿ ಚುಚ್ಚಿಕೊಂಡ ರಕ್ತದ ಕಲೆ ಇದೆ. ಹಸನಬೀಯ ಬಾಯಲ್ಲಿ ಒಂದು ಮಾತನ್ನೂ ಕಳಿಸಿದ್ದಾರೆ: ‘ಮಂಗಳವಾರ ಅಮಾಸಿಗೆ ನಮ್ಮ ಮಂದಿ ಕರಕೊಂಡು ನಾನೂ ಇಟಗಿ ಗುಡಿಗೆ ಹೊಂಟೀನಿ ಅಂತ ಮುದುಕಮ್ಮಗ ಹೇಳು.’ ಎಲ್ಲವನ್ನೂ ಓದಿದ್ದಾರೆ; ಅಮಾವಾಸ್ಯೆಗೆ ಅಮಾವಾಸ್ಯೆಗೆ ನಾನು ಅಲ್ಲಿಗೆ ಪೂಜೆಗೆ ಹೋಗುವುದು ಊರಿಗೇ ಗೊತ್ತು. ಅವರು ನಮ್ಮನ್ನು ಉಳಿಸುತ್ತಿದ್ದಾರೋ, ಕೂಸಿನ ಋಣ ಹರಿದುಕೊಂಡು ಇನ್ನು ಕೈ ಬಿಚ್ಚಿ ಬೇಟೆಗೆ ಇಳಿಯುತ್ತಿದ್ದಾರೋ ನನಗೆ ತಿಳಿಯದು. ಕರಿಯವ್ವ ಅತ್ತೆಯನ್ನು ನಾನು ಬೇರೆ ಕಡೆ ಕಳಿಸುತ್ತೇನೆ. ನಾನೇ ಬಾ ಎನ್ನುವವರೆಗೆ ನೀವು ಆ ಪಟ್ಟಿಯ ಆಚೆಯೇ ಇರಿ, ನನ್ನ ಹೆಸರಿನಲ್ಲಿ ಬೇರೆ ಯಾರು ಬಾ ಎಂದರೂ ಕದಲಬೇಡಿ. ನೀವು ಯಾರ ಮಾತನ್ನೂ ಸುಲಭಕ್ಕೆ ಕೇಳುವವರಲ್ಲ, ಹೋಳಿಗೆಯ ಆಸೆಗೆ ಹೊರಟುಬಿಡುತ್ತೀರಿ. ಅದಕ್ಕೇ ಆಯುಷ್ಯ ಕಳೆಯುತ್ತದೆಂದು ಈವರೆಗೆ ಬಾಯಿಗೆ ತಾರದ ಹೆಸರನ್ನು ಈಗ ಆಯುಷ್ಯ ಉಳಿಯಲೆಂದೇ ಹಿಡಿದು ಕರೆಯುತ್ತಿದ್ದೇನೆ, ಬೀಸುಕಲ್ಲಿನ ಮುಂದೆ ಗಟ್ಟಿಯಾಗಿ ಹೇಳಿಕೊಂಡೇ ಬರೆಯುತ್ತಿದ್ದೇನೆ. ಉಮಾಪತಿ, ಬರಬೇಡಿ.